ಒಂದೇ ಹನಿ ಸಾಕು ಮಾರಾಯ್ರೆ

ಸಾಗರದ ಪೇಟೆಯಲ್ಲಿ ಮೂವತ್ತು ವರ್ಷದಿಂದ ರೇಡಿಯೊ, ಮಿಕ್ಸಿ, ಗಡಿಯಾರ ರಿಪೇರಿ ಮಾಡಿಕೊಂಡಿರುವವನು ನಾನು. ಸೂಪರ್ ಗ್ಲೂ ಬಗ್ಗೆ ಏನಾದರೂ ಕೇಳಿ ಎಂದು ಹೋದ ಸಲ ಬರೆದಿದ್ದೆ. (ಯಾವ ಕಂಪನಿಯದಾದರೂ ನಮ್ಮ ಬಾಯಲ್ಲಿ ಅದು ಫೆವಿಕ್ವಿಕ್ಕೇ ಅಲ್ವಾ?) ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಿಡಿ ಮುರಿದಿತ್ತು. ಗಟ್ಟಿ ಕೂರಲಿ ಅಂತ ಇಡೀ ಟ್ಯೂಬ್ ಸುರಿದು ಅಂಟಿಸಿದೆ. ಮಾರನೇ ದಿನ ಎತ್ತಿದರೆ ಹಿಡಿ ಕೈಯಲ್ಲಿ, ಮುಚ್ಚಳ ಭರಣಿಯಲ್ಲಿ. ಅಂಟು ಡೂಪ್ಲಿಕೇಟಾ? – ಗೃಹಿಣಿ, ಪುತ್ತೂರು

ಇರಲಿಕ್ಕಿಲ್ಲ ಅಮ್ಮಾ. ಜಾಸ್ತಿ ಆಯ್ತು, ಅಷ್ಟೇ. ಮಕ್ಕಳು ಪುಸ್ತಕಕ್ಕೆ ಹಚ್ಚುವ ಗೋಂದು ನೀರು ಆರಿ ಗಟ್ಟಿಯಾಗುತ್ತದೆ. ಇದು ತಿರುಗಾ ಮುರುಗಾ. ಇದಕ್ಕೆ ಗಟ್ಟಿಯಾಗಲು ತೇವ ಬೇಕು. ಟ್ಯೂಬಿನೊಳಗೆ ನೀರಿನಂತೆ ಇರುವುದು ಸಯನೋಅಕ್ರಿಲೇಟ್ ಎಂಬ ರಸಾಯನ. ಗಾಳಿಯಲ್ಲಿ, ಪಿಂಗಾಣಿಯ ಮೈ ಮೇಲೆ, ಕಣ್ಣಿಗೆ ಕಾಣದಷ್ಟು ಪಸೆ ಇದ್ದೇ ಇರುತ್ತದೆ. ಅದು ತಾಗಿದ್ದೇ ತಡ, ಇದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗುತ್ತವೆ. ತೆಳ್ಳಗೆ ಹಚ್ಚಿದರೆ ಎರಡೂ ಕಡೆಯಿಂದ ಶುರುವಾಗಿ ನಡುವಿನವರೆಗೂ ಗಟ್ಟಿ. ದಪ್ಪಗೆ ಸುರಿದರೆ ಅಂಚು ಗಟ್ಟಿ, ಒಳಗೆ ಹಸಿ. ಉರಿ ಜೋರಿಟ್ಟು ಬೇಯಿಸಿದ ದಪ್ಪ ರೊಟ್ಟಿಯ ಹಾಗೆ.

ಈಗ ಹಳೆಯ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆಯಿರಿ. ಎಣ್ಣೆ ಜಿಡ್ಡು ಹೋಗುವಂತೆ ತೊಳೆದು ಒಣಗಿಸಿ. ಅಂಟಿಲ್ಲದೆಯೇ ಒಮ್ಮೆ ಜೋಡಿಸಿ, ಯಾವ ಮಗ್ಗುಲು ಎಲ್ಲಿ ಕೂರುತ್ತದೆ ಅಂತ ಕೈಗೆ ಅಭ್ಯಾಸ ಮಾಡಿಸಿ. ಆಮೇಲೆ ಸರಿಸಿ ಕೂರಿಸಲು ಸಮಯ ಸಿಗುವುದಿಲ್ಲ. ಒಂದೇ ಕಡೆಗೆ ಒಂದೇ ಹನಿ. ಒಂದು ನಿಮಿಷ ಅಲುಗಾಡಿಸದೆ ಒತ್ತಿ ಹಿಡಿದು, ಒಂದು ದಿನ ಮುಟ್ಟದೆ ಬಿಡಿ. ಚೂರು ಸಿಡಿದು ಗುಂಡಿ ಬಿದ್ದಿದ್ದರೆ ಅಲ್ಲಿ ಚಿಟಿಕೆ ಅಡಿಗೆ ಸೋಡಾ ಉದುರಿಸಿ ಮೇಲೆ ಹನಿ ಬಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಗುತ್ತದೆ. ಬಿಸಿಯೂ ಆಗುತ್ತದೆ, ಬೆರಳು ಇಡಬೇಡಿ.

ಕಾಫಿ ಕಪ್ಪಿನ ಹಿಡಿ ತಂದರೆ ಮಾತ್ರ ನಾನು ವಾಪಸ್ ಕಳಿಸುತ್ತೇನೆ. ಈ ಅಂಟಿಗೆ ಬಿಸಿ ಆಗಿಬರುವುದಿಲ್ಲ. ಕುದಿಯುವ ಕಾಫಿ ಮಡಿಲಿಗೆ ಬಿದ್ದರೆ ಯಾರು ಹೊಣೆ?

ಪ್ರಶ್ನೆ: ಪ್ಲಾಸ್ಟಿಕ್ ಬಕೆಟ್ಟಿನ ಬಿರುಕಿಗೆ ಮೂರು ಸಲ ಹಚ್ಚಿದೆ. ಮೂರು ಸಲವೂ ಸಿಪ್ಪೆಯಂತೆ ಎದ್ದು ಬಂತು. – ಕಾಲೇಜು ವಿದ್ಯಾರ್ಥಿ, ಹಾವೇರಿ

ನಾಲ್ಕನೇ ಸಲವೂ ಬರುತ್ತದೆ. ಬಕೆಟ್ಟು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಜಾತಿಯದು. ಅದರ ನುಣುಪು ಮೈಗೆ ಈ ಅಂಟು ಹಿಡಿಯುವುದಿಲ್ಲ. ಕಾದ ಕಬ್ಬಿಣ ಹಿಡಿದು ಬಕೆಟ್ ರಿಪೇರಿಗೆ ಬೀದಿ ಬೀದಿ ಬರುತ್ತಿದ್ದವರ ದಾರಿಯೇ ಸರಿ: ಕರಗಿಸಿ ಬೆಸೆಯಬೇಕು.

ಪ್ರಶ್ನೆ: ಮಗನ ಎರಡು ಬೆರಳು ಅಂಟಿಕೊಂಡು ಮನೆಯಲ್ಲಿ ರಂಪ. ಹೇಗೆ ಬಿಡಿಸುವುದು? – ತಂದೆ, ತುಮಕೂರು

ಎಳೆಯಬೇಡಿ, ಚರ್ಮವೇ ಕಿತ್ತು ಬರುತ್ತದೆ. ಬೆಚ್ಚಗಿನ ಸೋಪು ನೀರಲ್ಲಿ ಕೈ ನೆನೆಸಿ, ಪೆನ್ಸಿಲ್ ಉರುಳಿಸಿದ ಹಾಗೆ ಮೆಲ್ಲಗೆ ಹೊರಳಿಸಿ ಬಿಡಿಸಿ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಬೆರಳಿಗಾದರೆ ಸರಿ, ಕಣ್ಣು ಬಾಯಿಯ ಹತ್ತಿರ ಬೇಡವೇ ಬೇಡ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಲು ಹೋಗದೆ ನೀರಿನಿಂದ ತೊಳೆಯುತ್ತಾ ಸೀದಾ ಡಾಕ್ಟರ ಹತ್ತಿರ ಓಡಿ. ಕಣ್ಣಿನ ಡ್ರಾಪ್ಸ್ ಪಕ್ಕದಲ್ಲಿ ಈ ಟ್ಯೂಬ್ ಇಡಲೇಬೇಡಿ. ಕರೆಂಟ್ ಹೋದಾಗ ಎರಡೂ ಒಂದೇ.

ಇನ್ನೊಂದು ಮಾತು. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ. ಅಂಗಡಿ ತೆರೆದ ಹೊಸತರಲ್ಲಿ ನನ್ನ ತೊಡೆಯ ಮೇಲೆ ಟ್ಯೂಬ್ ಒಡೆದು ಹತ್ತಿ ಪಂಚೆಗೆ ಹರಡಿತು. ಒದ್ದೆ ಆಯ್ತಲ್ಲ ಅಂದುಕೊಳ್ಳುವಷ್ಟರಲ್ಲಿ ಸಣ್ಣಗೆ ಹೊಗೆ! ಹತ್ತಿಗೂ ಉಣ್ಣೆಗೂ ಇದು ತಾಗಿದರೆ ಗಟ್ಟಿಯಾಗುವ ವೇಗ ಏರಿ ಸುಡುವಷ್ಟು ಶಾಖ ಬರುತ್ತದೆ. ರೂಪಾಯಿ ಅಗಲದ ಕಲೆ ಇನ್ನೂ ಇದೆ. ನನ್ನ ಹೆಂಡತಿ ಅದನ್ನು ಅಂಗಡಿಯ ಸೀಲು ಅನ್ನುತ್ತಾಳೆ.

ಪ್ರಶ್ನೆ: ಕನ್ನಡಕದ ಕಡ್ಡಿ ಅಂಟಿಸಿ ಡಬ್ಬಿಯಲ್ಲಿಟ್ಟೆ. ಬೆಳಿಗ್ಗೆ ಗಾಜಿಗೆ ಬೂದಿ ಬಳಿದಂತಾಗಿತ್ತು. – ನಿವೃತ್ತ ಶಿಕ್ಷಕರು, ಧಾರವಾಡ

ಅದು ಅಂಟಿನ ಆವಿ ಮೇಷ್ಟ್ರೇ. ಹೊರಗೆ ಹೋಗಲು ದಾರಿಯಿಲ್ಲದೆ ಗಾಜಿನ ಮೇಲೆಯೇ ಕೂತು ಬೆಳ್ಳಗೆ ಗಟ್ಟಿಯಾಯಿತು. ಅಂಟಿಸಿದ ಮೇಲೆ ಫ್ಯಾನ್ ಕೆಳಗೆ ಬಿಚ್ಚಿಡಬೇಕಿತ್ತು. ಈಗ ಅಸಿಟೋನ್ ಹಾಕಿ ಉಜ್ಜಲು ಹೋಗಬೇಡಿ, ಪ್ಲಾಸ್ಟಿಕ್ ಲೆನ್ಸ್ ಆಗಿದ್ದರೆ ಅದೂ ಹಾಳು. ಕನ್ನಡಕದ ಅಂಗಡಿಯವರಿಗೆ ತೋರಿಸಿ.

ನಿಮ್ಮ ಲೆನ್ಸ್ ಕೆಡಿಸಿದ ಇದೇ ಆವಿ ಪೊಲೀಸರಿಗೆ ಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಅಂಟು ಕಾಯಿಸಿದರೆ ಅದರ ಆವಿ ಬೆರಳಚ್ಚಿನ ಗೆರೆಗಳ ಮೇಲೆ ಕೂತು ಬೆಳ್ಳಗೆ ಎದ್ದು ಕಾಣುತ್ತದೆ. 1970ರ ದಶಕದ ಕೊನೆಯಲ್ಲಿ ಜಪಾನಿನ ಪೊಲೀಸರು ಇದನ್ನು ಬಳಕೆಗೆ ತಂದರು.

ಪ್ರಶ್ನೆ: ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರು? – ಓದುಗ, ಮೈಸೂರು

ಅಮೆರಿಕದ ಹ್ಯಾರಿ ಕೂವರ್. 1942ರಲ್ಲಿ, ಯುದ್ಧದ ಕಾಲ. ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಈ ರಸಾಯನ ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ಕಾಟ ಕೊಟ್ಟಿತು. ಬೇಡ ಅಂತ ಪಕ್ಕಕ್ಕಿಟ್ಟರು. 1951ರಲ್ಲಿ ಕೊಡಾಕ್ ಕಂಪನಿಯಲ್ಲಿ ಅವರ ಸಹೋದ್ಯೋಗಿಯೊಬ್ಬರು ಪರೀಕ್ಷೆಗೆಂದು ಉಪಕರಣವೊಂದರ ಎರಡು ಪ್ರಿಸಮ್ಮುಗಳ (ಪಟ್ಟೆ ಹೊಡೆದ ಗಾಜಿನ ತುಂಡುಗಳು) ನಡುವೆ ಇದನ್ನು ಹಚ್ಚಿದರು. ಪ್ರಿಸಮ್ಮುಗಳು ಬಿಡಲೇ ಇಲ್ಲ. ದುಬಾರಿ ಉಪಕರಣ ಹೋಯಿತು, ಆದರೆ ಈ ಸಲ ಕೂವರ್‌ಗೆ ತಲೆಗೆ ಹೊಳೆಯಿತು. 1958ರಲ್ಲಿ ಅಂಟು ಮಾರುಕಟ್ಟೆಗೆ ಬಂತು. ಮುಂದೆ ಟೀವಿ ಕಾರ್ಯಕ್ರಮವೊಂದರಲ್ಲಿ ಅದರ ನಿರೂಪಕರನ್ನೇ ನೆಲದಿಂದ ಎತ್ತಿ ತೋರಿಸಿದರು. ಎಷ್ಟು ಅಂಟಿನಿಂದ? ಒಂದು ಹನಿ. ಪುತ್ತೂರಿನ ಅಮ್ಮ ಕೇಳಿಸಿಕೊಳ್ಳಬೇಕು.

ಪ್ರಶ್ನೆ: ಕೈ ಕುಯ್ದರೆ ಇದನ್ನೇ ಹಚ್ಚಬಹುದಂತೆ? – ಬಡಗಿ, ಶಿರಸಿ

ಡಾಕ್ಟರು ಗಾಯ ಮುಚ್ಚಲು ಬಳಸುವುದು ಇದೇ ಜಾತಿಯ ಅಂಟು, ಆದರೆ ಅದು ಬೇರೆ ತಯಾರಿ. ನಮ್ಮ ಟ್ಯೂಬಿನದು ಗಾಯಕ್ಕೆ ಉರಿ. ಬೇಡ.

ಪ್ರಶ್ನೆ: ಒಮ್ಮೆ ತೆರೆದ ಟ್ಯೂಬ್ ವಾರದಲ್ಲಿ ಕಲ್ಲಾಗುತ್ತದೆ. ಫ್ರಿಜ್ಜಿನಲ್ಲಿ ಇಡಬಹುದಾ? – ಹೊಲಿಗೆ ಅಂಗಡಿಯವರು, ಉಡುಪಿ

ತೆರೆಯದ ಟ್ಯೂಬನ್ನು ಧಾರಾಳವಾಗಿ ಇಡಿ. ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಮುಚ್ಚಳ ತೆಗೆಯಬೇಡಿ, ಒಳಗೆ ನೀರು ಕಟ್ಟುತ್ತದೆ. ತೆರೆದದ್ದಕ್ಕೆ ನಾನು ಮಾಡುವುದಿಷ್ಟು: ಮೂತಿ ಒರೆಸಿ, ಮುಚ್ಚಳ ಬಿಗಿದು, ಹಾರ್ಲಿಕ್ಸ್ ಬಾಟಲಿಯಲ್ಲಿ ನಿಲ್ಲಿಸುತ್ತೇನೆ. ಜೊತೆಗೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು. ಆದರೆ ಅರ್ಧ ಗ್ರಾಮಿನ ಐದು ರೂಪಾಯಿ ಟ್ಯೂಬಿಗೆ ಇಷ್ಟೆಲ್ಲ ಉಪಚಾರ ಬೇಡ. ಬಟನ್ನು, ಲೇಸು, ಮಿಷನ್ನಿನ ಹಿಡಿ, ಎಲ್ಲ ಸಣ್ಣ ಕೆಲಸ ಒಂದು ದಿನಕ್ಕೆ ಕೂಡಿಟ್ಟುಕೊಂಡು ಒಂದೇ ಸಲ ಮುಗಿಸಿಬಿಡಿ.