ಮರು: 2040ರ ಕಂತು 1904 ಅಂತ ಯಾಕೆ ತೋರಿಸುತ್ತದೆ?

ಬದಿಯಡ್ಕದ ನಿಮ್ಮ ಅಡಿಕೆ ಅಂಗಡಿಯ ಹಳೇ ಲೆಕ್ಕದ ಸಾಫ್ಟ್‌ವೇರ್ ಜೂನ್ 2040ರ ಸಾಲದ ಕಂತನ್ನು 1904 ಅಂತ ತೋರಿಸುತ್ತದೆ, ಹೊಸ ಕಂಪ್ಯೂಟರ್ ತಗೊಂಡರೆ ಸರಿಯಾಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ಸುಮ್ನೆ ದುಡ್ಡು ಹಾಕಬೇಡಿ. ಅದು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ 32 ಬಿಟ್‌ನಲ್ಲಿ, ಅಂದರೆ 0 ಅಥವಾ 1 ಹಿಡಿಯುವ 32 ಮನೆಗಳಲ್ಲಿ, ಇಡುತ್ತಿರಬೇಕು. ಆ ಜಾಗ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8.44ಕ್ಕೆ, ತುಂಬಿಹೋಗುತ್ತದೆ. ಮುಂದಿನ ಎಣಿಕೆ 1901ರ ಡಿಸೆಂಬರ್‌ನಿಂದ ಶುರು!

ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್ ಲಿನಕ್ಸ್‌ಗೂ ಇದೇ ತೊಂದರೆ ಇತ್ತು, ಆದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. 32 ಬಿಟ್ ಯಂತ್ರಗಳಿಗೂ ಬೇಕಾದ ತಿದ್ದುಪಡಿ 2020ರ 5.6 ಆವೃತ್ತಿಯಲ್ಲೇ ಬಂತು. ನಿಮ್ಮದು ಕೋಡ್ ಹೊರಗಿನವರಿಗೆ ಸಿಗದ ಮುಚ್ಚಿದ ಸಾಫ್ಟ್‌ವೇರ್, ಮಾಡಿದವರೇ ತಿದ್ದಬೇಕು. ನನಗೆ ಜಾಸ್ತಿ ಚಿಂತೆ ಇದರದ್ದೇ. ಮೊದಲು ಲೆಕ್ಕವನ್ನೆಲ್ಲ ಸಿಎಸ್‌ವಿ ಫೈಲ್‌ಗೆ (ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಸರಳ ಪಟ್ಟಿ) ತೆಗೆದಿಡಿ. ತೆಗೆಯಲು ಬಿಡದಿದ್ದರೆ ಇಲ್ಲೇ ಹೇಳಿ, ಬೇರೆ ದಾರಿ ನೋಡೋಣ.