ಒಂಬತ್ತನೇ ಪ್ರಶ್ನೆಗೆ ಹಾಕಿದ ಸೊನ್ನೆ

ಶ್ವೇತಾ ನನ್ನ ಬಳಿ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಇದು ಆಕೆಯ ನಿಜವಾದ ಹೆಸರಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ಒಂದು ಪ್ರಾಜೆಕ್ಟ್‌ನಲ್ಲಿ ಅಸಿಸ್ಟೆಂಟ್ ಆಗಿ ಸೇರಿದ್ದಳು. ಮೊದಲ ಕೆಲಸ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಲ್ಲಿ ಖಿನ್ನತೆ ಎಷ್ಟಿದೆ ಅಂತ ನೋಡುವ ಸಮೀಕ್ಷೆ ಅದು.

ನಿದ್ದೆಯ ಮಾತು ಬೇಗ ಮುಗಿಯಿತು. ಆಮೇಲೆ ಕೆಲಸದ ಮಾತು ಶುರುವಾಯಿತು. ಊಟದ ಬಿಡುವಿನಲ್ಲಿ ಫಾರ್ಮ್ ಹಂಚುತ್ತಿದ್ದರು. ಒಪ್ಪಿಗೆ ಪತ್ರ ಓದಿ ಹೇಳಲು ಸಮಯ ಇರುತ್ತಿರಲಿಲ್ಲ. ‘ಇಲ್ಲಿ ಸೈನ್ ಹಾಕಿ ಅಕ್ಕ’ ಅಂದರೆ ಮುಗಿಯಿತು. ಫ್ಯಾಕ್ಟರಿಯ ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರುತ್ತಿದ್ದರು. ಬೇಡ ಅನ್ನುವ ಧೈರ್ಯ ಯಾರಿಗೆ ಬರುತ್ತೆ?

ಆಫೀಸಿಗೆ ಬಂದು ಉತ್ತರಗಳನ್ನು ಎಕ್ಸೆಲ್‌ಗೆ ಹಾಕುವುದು ಶ್ವೇತಾಳ ಕೆಲಸ. ಖಾಲಿ ಬಿಟ್ಟ ಪ್ರಶ್ನೆಗೆ ಏನು ಹಾಕಲಿ ಅಂತ ಕೇಳಿದಾಗ ಸೀನಿಯರ್ ಹೇಳಿದರಂತೆ: ‘ಸೊನ್ನೆ ಹಾಕಿಬಿಡು. ಏನೂ ಇಲ್ಲ ಅಂತ ತಾನೇ ಅರ್ಥ?’

ಆ ಫಾರ್ಮ್ ಪಿಎಚ್‌ಕ್ಯೂ-9, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0 ಇಂದ 3ರವರೆಗೆ ಅಂಕ, ಒಟ್ಟು 27. ಕಳೆದ ಎರಡು ವಾರ ಹೇಗಿದ್ದೀರಿ ಅಂತ ಅದು ಕೇಳುತ್ತದೆ. ಒಂಬತ್ತನೆಯದು, ಸತ್ತರೆ ಚೆನ್ನಾಗಿತ್ತು ಅಂತಲೋ ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಅಂತಲೋ ಅನಿಸಿದೆಯಾ ಎಂಬ ಪ್ರಶ್ನೆ. ಒಬ್ಬ ಹೆಂಗಸು ಅದಕ್ಕೆ ‘ಕೆಲವು ದಿನ’ ಅಂತ ಗುರುತು ಹಾಕಿ, ಆಮೇಲೆ ಅದರ ಮೇಲೆ ಪೆನ್ನಿನಿಂದ ಗೀಚಿ, ಬೇರೆ ಯಾವುದನ್ನೂ ಗುರುತು ಮಾಡದೆ ಬಿಟ್ಟಿದ್ದರು. ಶ್ವೇತಾ ಅಲ್ಲಿ ಸೊನ್ನೆ ಹಾಕಿದ್ದಳು. ಅವತ್ತಿನಿಂದ ನಿದ್ದೆ ಇಲ್ಲ.

‘ನಾನ್ಯಾರು ಮೇಡಂ ಇದನ್ನೆಲ್ಲ ಕೇಳೋಕೆ? ಪಿಎಚ್‌ಡಿಗೆ ಶಿಫಾರಸು ಪತ್ರ ಅವರೇ ಕೊಡಬೇಕು. ಮನೆಗೆ ದುಡ್ಡು ಕಳಿಸಬೇಕು.’

ಎಲ್ಲಕ್ಕಿಂತ ಮೊದಲು ಆ ಹೆಂಗಸಿನ ವಿಷಯ ನೋಡಿ ಅಂದೆ. ಪ್ರಾಜೆಕ್ಟ್ ಸರಿಯೋ ತಪ್ಪೋ ಅನ್ನುವುದು ಒಂದು ವಾರ ಕಾಯಬಹುದು, ಇದು ಕಾಯುವುದಿಲ್ಲ. ಇವತ್ತೇ ಪ್ರಾಜೆಕ್ಟ್‌ನ ಮುಖ್ಯಸ್ಥರಿಗೆ ತಿಳಿಸಿ. ಆ ಫಾರ್ಮ್‌ನ ನಂಬರ್ ಮಾತ್ರ ಬರೆಯಿರಿ, ಹೆಸರು ಬೇಡ. ತಂಡದ ಮನೋವೈದ್ಯರೋ ಕ್ಲಿನಿಕಲ್ ಸೈಕಾಲಜಿಸ್ಟೋ ಆಕೆಯನ್ನು ಖಾಸಗಿಯಾಗಿ ಮಾತಾಡಿಸಲಿ. ಫ್ಯಾಕ್ಟರಿಯವರ ಮೂಲಕ ಕರೆಸುವುದು ಮಾತ್ರ ಬೇಡ. ಇನ್ನು ಮುಂದೆ ಫಾರ್ಮ್ ತುಂಬಿದ ಎಲ್ಲರಿಗೂ, ಉತ್ತರ ಏನೇ ಇರಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಇರುವ ಚೀಟಿ ಕೊಡಿ ಅಂತಲೂ ಹೇಳಿದೆ. ಅದಕ್ಕೆ ಯಾರ ಅಡ್ಡಿಯೂ ಇರಲಾರದು.

ಇನ್ನು ಸೀನಿಯರ್ ವಿಷಯ. ‘ಅವರು ಮೋಸ ಮಾಡ್ತಿದ್ದಾರಾ?’ ಅಂತ ಶ್ವೇತಾ ಮತ್ತೆ ಮತ್ತೆ ಕೇಳಿದಳು. ಆ ತೀರ್ಪು ನೀವು ಕೊಡಬೇಕಾಗಿಲ್ಲ ಅಂದೆ. ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಜಾಸ್ತಿ ಕುಗ್ಗಿಸುವುದು ಈ ಭಾರವೇ. ಕಂಡದ್ದನ್ನು ಕಂಡ ಹಾಗೆ, ತೀರ್ಮಾನ ಮಾಡಬೇಕಾದವರ ಮುಂದೆ ಇಟ್ಟರೆ ನಿಮ್ಮ ಪಾಲಿನ ಕೆಲಸ ಆಯಿತು. ಖಾಲಿ ಉತ್ತರಗಳನ್ನು ತುಂಬುವ ಒಪ್ಪಿತ ವಿಧಾನಗಳೂ ಇವೆ. ಆದರೆ ಅದನ್ನು ಮೊದಲೇ ಬರೆದಿಟ್ಟಿರಬೇಕು, ವರದಿಯಲ್ಲೂ ಹೇಳಬೇಕು. ಸುಮ್ನೆ ಸೊನ್ನೆ ಹಾಕುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಆರೋಪ ಬೇಡ, ಪ್ರಶ್ನೆ ಕೇಳಿ ಅಂದೆ. ಇಬ್ಬರೂ ಕೂತು ಇಮೇಲ್ ಬರೆದೆವು: ‘ಖಾಲಿ ಬಿಟ್ಟ ಉತ್ತರಗಳಿಗೆ ಏನು ಹಾಕಬೇಕು ಅಂತ ಪ್ರೋಟೋಕಾಲ್‌ನಲ್ಲಿ ಇದೆಯಾ? ನಾನು ಈವರೆಗೆ ಸೊನ್ನೆ ಹಾಕಿದ್ದೇನೆ, ಒಂಬತ್ತನೇ ಪ್ರಶ್ನೆಗೂ ಹಾಕಿದ್ದೇನೆ. ಸರಿಪಡಿಸಬೇಕಾದರೆ ತಿಳಿಸಿ.’ ಬಾಯಲ್ಲಿ ಕೇಳಿದ್ದು ಮರೆತುಹೋಗುತ್ತೆ, ಬರೆದು ಕೇಳಿದ್ದು ಉಳಿಯುತ್ತೆ. ಜೊತೆಗೆ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ, ತಾನು ಕಣ್ಣಾರೆ ಕಂಡದ್ದು ಒಂದು ಕಡೆ, ಬೇರೆಯವರು ಹೇಳಿದ್ದು ಇನ್ನೊಂದು ಕಡೆ ಬರೆಯಲು ಹೇಳಿದೆ. ಊಹೆಗೆ ಅದರಲ್ಲಿ ಜಾಗ ಇಲ್ಲ. ಫಾರ್ಮ್‌ಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುವ ಯೋಚನೆ ಆಕೆಗಿತ್ತು. ಅದು ಬೇಡವೇ ಬೇಡ ಅಂದೆ. ಆ ಹೆಂಗಸರ ಗುಟ್ಟು ಕಾಯಲು ಹೊರಟವಳೇ ಅದನ್ನು ಹೊರಗೆ ತಂದಂತಾಗುತ್ತೆ.

ಒಪ್ಪಿಗೆಯ ವಿಷಯದಲ್ಲಿ ಆಕೆಯ ಕಳವಳ ಪೂರ್ತಿ ಸರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ, ಮೇಲಧಿಕಾರಿಗಳ ಕೈಕೆಳಗೆ ದುಡಿಯುವವರನ್ನು ಹೆಚ್ಚಿನ ರಕ್ಷಣೆ ಬೇಕಾದವರು ಅಂತಲೇ ಪರಿಗಣಿಸುತ್ತದೆ. ಓದಲು ಬಾರದವರಿಂದ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು. ‘ಓದಿ ಹೇಳದ ಒಪ್ಪಿಗೆ ಪತ್ರದ ಕೆಳಗೆ ಓದಿ ಹೇಳಿದ್ದೇನೆ ಅಂತ ಸಹಿ ಹಾಕಬೇಡಿ. ಇದೊಂದು ವಿಷಯದಲ್ಲಿ ಬಗ್ಗಬೇಡಿ’ ಅಂದೆ. ಮುಖ್ಯಸ್ಥರು ಕಿವಿಗೆ ಹಾಕಿಕೊಳ್ಳದಿದ್ದರೆ ಸಂಶೋಧನೆ ನೈತಿಕವಾಗಿ ನಡೆಯುತ್ತಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ಬರೆಯಬಹುದು. ಆ ಕಮಿಟಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರೇ ಆಗಿರಬೇಕು ಅಂತ ನಿಯಮ ಇದೆ. ಇದನ್ನು ಕೇಳಿ ಆಕೆಗೆ ಸ್ವಲ್ಪ ಧೈರ್ಯ ಬಂತು.

ಚಿಕ್ಕವರ ಮಾತು ಯಾರು ಕೇಳುತ್ತಾರೆ ಅಂದಿದ್ದಕ್ಕೆ ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ವಿಷಯ ಹೇಳಿದೆ. ಡೈಡೆರಿಕ್ ಸ್ಟಾಪೆಲ್ ಅಲ್ಲಿ ಹೆಸರಾಂತ ಸಾಮಾಜಿಕ ಮನೋವಿಜ್ಞಾನಿ ಆಗಿದ್ದರು. ಅವರ ದತ್ತಾಂಶ ಕಟ್ಟುಕಥೆ ಅಂತ 2011ರಲ್ಲಿ ಬಯಲು ಮಾಡಿದ್ದು ಅದೇ ವಿಭಾಗದ ಮೂವರು ಯುವ ಸಂಶೋಧಕರು. ತಿಂಗಳುಗಟ್ಟಲೆ ಗಮನಿಸಿ, ಆಮೇಲೆ ವಿಭಾಗದ ಮುಖ್ಯಸ್ಥರ ಬಳಿ ಹೋದರು. ಸ್ಟಾಪೆಲ್ ಅವರ 50ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಶ್ವೇತಾಳ ಸೀನಿಯರ್ ಆ ಸಾಲಿನವರು ಅಂತ ನನಗೆ ಅನಿಸಿಲ್ಲ, ಅದನ್ನೂ ಆಕೆಗೆ ಹೇಳಿದೆ. ಗಡುವಿನ ಒತ್ತಡದಲ್ಲಿ ಆದ ಅಸಡ್ಡೆ ಇರಬಹುದು. ಆದರೂ ಸೊನ್ನೆ ಸೊನ್ನೆಯೇ, ಅಲ್ವಾ?

ಮುಖ್ಯಸ್ಥರು ಅಂದೇ ಉತ್ತರ ಬರೆದರು. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಆ ಹೆಂಗಸನ್ನು ಭೇಟಿ ಮಾಡಿದರು. ಅಲ್ಲಿ ಏನಾಯಿತು ಅಂತ ಶ್ವೇತಾ ಕೇಳಲಿಲ್ಲ, ಕೇಳುವುದು ಸರಿಯೂ ಅಲ್ಲ. ಖಾಲಿ ಉತ್ತರಕ್ಕೆ ಬೇರೆಯೇ ಕೋಡ್ ಬಂತು, ಹಳೆಯ ಫಾರ್ಮ್‌ಗಳನ್ನೆಲ್ಲ ಮತ್ತೆ ನೋಡಿದರು. ಒಪ್ಪಿಗೆ ಪತ್ರವನ್ನು ಫ್ಯಾಕ್ಟರಿಯ ಹೊರಗೆ ಓದಿ ಹೇಳುವುದು ಎಂದಾಯಿತು. ಅದರಿಂದ ಸಮೀಕ್ಷೆ ನಿಧಾನವಾಗಿದೆ.

ಸೀನಿಯರ್ ಮಾತ್ರ ಈಗಲೂ ಸರಿಯಾಗಿ ಮಾತಾಡುತ್ತಿಲ್ಲ. ಶಿಫಾರಸು ಪತ್ರ ಅವರಿಂದ ಸಿಗುವುದು ಅನುಮಾನ. ಕಾಲೇಜಿನ ತನ್ನ ಗೈಡ್ ಹತ್ತಿರ ಕೇಳಲು ಶ್ವೇತಾ ಒಪ್ಪಿದ್ದಾಳೆ. ಒಂದೇ ಕೋಣೆಯಲ್ಲಿ ದಿನವಿಡೀ ಆ ಮೌನವನ್ನು ಸಹಿಸುವುದು ಹೇಗೆ ಅನ್ನುವುದರ ಬಗ್ಗೆ ಈಗ ನಾವು ಮಾತಾಡುತ್ತಿದ್ದೇವೆ.