ಎಡಗಾಲು ಮಾತ್ರ ಯಾಕೆ ಬಾತಿತು?

ಗದಗಿನ ತಂಗಿಗೆ,

ನೀವು ಕಳಿಸಿದ ‘ರಕ್ತ: ಜೀವದ ಹೊಳೆ’ ಲೇಖನ ಓದಿದೆ. ಈ ರೂಪದಲ್ಲಿ ಹಾಕಿಕೊಳ್ಳಲು ಬರುವುದಿಲ್ಲ. ಆದರೆ ಒಳಗೊಂದು ಒಳ್ಳೆಯ ಲೇಖನ ಸಿಕ್ಕಿಕೊಂಡಿದೆ, ಅದನ್ನು ಹೊರಗೆ ತೆಗೆಯಿರಿ.

ಮೊದಲ ಮೂರು ಪುಟ ಹೃದಯ, ಕೆಂಪು ರಕ್ತಕಣ, ಹಿಮೋಗ್ಲೋಬಿನ್. ಶಾಲೆಯ ಪುಸ್ತಕದಲ್ಲಿ ಇದ್ದದ್ದೇ. ನಾಲ್ಕನೇ ಪುಟದಲ್ಲಿ ನಿಮ್ಮ ವೈನಿ ಬರುತ್ತಾರೆ. ಹಸಿ ಬಾಣಂತಿ, ಎಡಗಾಲಿನ ಚೈನು ಬಾವಿನೊಳಗೆ ಹೂತುಹೋಗಿದೆ, ಬಲಗಾಲಿನದು ಸಡಿಲವಾಗಿ ಜೋತಾಡುತ್ತಿದೆ. ಲೇಖನ ಶುರುವಾಗಬೇಕಾದದ್ದು ಅಲ್ಲಿ. ‘ಬಾಣಂತಿಗೆ ಕಾಲು ಬಾವು ಬರೂದು ಇದ್ದದ್ದೇ ಬಿಡವಾ’ ಎಂದರಂತೆ ಮನೆಯ ಹಿರಿಯರು. ಎರಡೂ ಕಾಲು ಬಾತಿದ್ದರೆ ಆ ಮಾತಿಗೆ ಸ್ವಲ್ಪ ಬೆಲೆ ಇತ್ತು. ಒಂದೇ ಕಾಲು, ಅದೂ ಎಡಗಾಲು ಯಾಕೆ? ಓದುಗರು ಪುಟ ತಿರುವುವುದು ಈ ಪ್ರಶ್ನೆಗೆ. ನೀವು ಉತ್ತರವನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ, ಅದೂ ತಿರುವುಮುರುವಾಗಿ.

ನೀವು ಬರೆದ ಹಾಗೆ ಅಭಿಧಮನಿ ಅಪಧಮನಿಯನ್ನು ಒತ್ತುವುದಿಲ್ಲ. ಬಲಗಾಲಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿ, ಎಡಗಾಲಿನ ರಕ್ತವನ್ನು ಮೇಲಕ್ಕೆ ತರುವ ಅಭಿಧಮನಿಯ ಮೇಲೆ ಅಡ್ಡ ಹಾಯುತ್ತದೆ. ಹಿಂದೆ ಬೆನ್ನುಮೂಳೆಯ ಗಟ್ಟಿ ಮಣಿ. ಮೆತ್ತಗಿನ ಅಭಿಧಮನಿ ನಡುವೆ ಸಿಕ್ಕು ಚಪ್ಪಟೆಯಾಗುತ್ತದೆ. ಹೊಲದ ಪೈಪಿನ ಮೇಲೆ ಟ್ರ್ಯಾಕ್ಟರ್ ಗಾಲಿ ನಿಂತ ಹಾಗೆ ಎಂದು ಬರೆದಿದ್ದೀರಿ. ಚಂದ ಇದೆ, ಆದರೆ ಗಾಲಿ ಸುಮ್ಮನೆ ನಿಂತಿರುತ್ತದೆ, ಅಪಧಮನಿ ಮಿಡಿಯುತ್ತದೆ. ಆ ಮಿಡಿತ ವರ್ಷಗಟ್ಟಲೆ ಬಡಿದೂ ಬಡಿದೂ ಕೆಲವರಲ್ಲಿ ಅಭಿಧಮನಿಯ ಒಳಗೆ ನಾರಿನಂಥ ಅಡ್ಡಗಟ್ಟು ಬೆಳೆಯುತ್ತದೆ. ರಕ್ತ ಸರಾಗವಾಗಿ ಮೇಲೇರದೆ ಅಲ್ಲಿ ಹೆಪ್ಪುಗಟ್ಟಿದರೆ ಕಾಲು ಬಾಯುತ್ತದೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು 430 ಶವಗಳನ್ನು ಪರೀಕ್ಷಿಸಿ, ಶೇ 22ರಷ್ಟರಲ್ಲಿ ಇದನ್ನು ಕಂಡರು. ಎಡಗಾಲಿನಲ್ಲೇ ಹೆಪ್ಪು ಹೆಚ್ಚು ಎಂದು ಜರ್ಮನಿಯ ವಿರ್ಕೋ 1851ರಲ್ಲೇ ಗಮನಿಸಿದ್ದ. ನಿಮ್ಮಲ್ಲಿ ಈ ತೊಂದರೆಗೆ ಮೇ-ಥರ್ನರ್ ಎಂಬ ಹೆಸರಷ್ಟೇ ಇದೆ, ಈ ಕಥೆ ಇಲ್ಲ.

ಆ ಶೇ 22 ಅನ್ನು ಇನ್ನೊಮ್ಮೆ ನೋಡಿ. ಅಭಿಧಮನಿಯಲ್ಲಿ ಇಂಥ ಅಡ್ಡಗಟ್ಟು ಇದ್ದವರಿಗೆಲ್ಲ ಹೆಪ್ಪುಗಟ್ಟುವುದಿಲ್ಲ. ಬಹಳ ಜನರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಬಸಿರು, ಬಾಣಂತನ, ಆಪರೇಷನ್, ಗರ್ಭನಿರೋಧಕ ಗುಳಿಗೆ, ಬಹಳ ದಿನ ಹಾಸಿಗೆ ಹಿಡಿದದ್ದು, ಇಂಥದ್ದೊಂದು ಜೊತೆಗೂಡಿದಾಗ ಅಪಾಯ ಏರುತ್ತದೆ. ‘ಎಲ್ಲರೂ ಸ್ಕ್ಯಾನ್ ಮಾಡಿಸಿ, ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿಸಿಕೊಳ್ಳಿ’ ಎಂಬ ನಿಮ್ಮ ಕೊನೆಯ ಪ್ಯಾರಾವನ್ನು ಅದಕ್ಕೇ ಪೂರ್ತಿ ಹೊಡೆದುಹಾಕಿದ್ದೇನೆ.

ಆ ಪ್ಯಾರಾದ ಜಾಗದಲ್ಲಿ ಎಣ್ಣೆಯ ವಿಷಯ ಬರಲಿ. ಬಾತ ಕಾಲಿಗೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿದರು ಎಂದು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಲ್ಲ! ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ನಮ್ಮ ಕಡೆ ಬಾಣಂತಿಗೆ ಎರೆಯುವವರು ಓದಬೇಕಾದದ್ದೇ ಇದು. ಹುಬ್ಬಳ್ಳಿಯಲ್ಲಿ ಮಾಡಿಸಿದ ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ತೊಡೆಯ ಹೆಪ್ಪು ಕಂಡಿತು, ಮೂಲ ಕಾಣಲಿಲ್ಲ ಎಂದಿದ್ದೀರಿ. ಕಿಬ್ಬೊಟ್ಟೆಯ ಆಳ ನೋಡಲು ಕರುಳಿನ ಗಾಳಿ ಅಡ್ಡ ಬರುತ್ತದೆ, ಆಮೇಲೆ ಮಾಡಿಸಿದ ಸಿಟಿ ವೆನೋಗ್ರಫಿ, ಅಂದರೆ ಅಭಿಧಮನಿಗಳ ಸಿಟಿ ಸ್ಕ್ಯಾನ್, ಅದಕ್ಕಾಗಿ. ಅಷ್ಟು ಸೇರಿಸಿ ಸಾಕು.

ವೈನಿಯವರ ಹೆಸರು ತೆಗೆಯಿರಿ, ಅವರಿಗೊಮ್ಮೆ ಓದಿ ಹೇಳಿ ಒಪ್ಪಿಗೆ ಕೇಳಿ. ಔಷಧದ ಸಾಲುಗಳನ್ನು ಅವರ ಡಾಕ್ಟರಿಗೆ ತೋರಿಸದೆ ಕಳಿಸಬೇಡಿ. ಮೂರು ಪುಟ ಮೀರಿದರೆ ನಾನೇ ಕತ್ತರಿ ಹಾಕುತ್ತೇನೆ, ಆಮೇಲೆ ಬೇಜಾರಾಗಬಾರದು.

ಸಂಪಾದಕ
ಧಾರವಾಡ